ಫಾಕ್ಸ್‌ಪ್ರೋದಲ್ಲಿರುವ ಮಂಡಿ ಲೆಕ್ಕವನ್ನು ಪೈಥಾನ್‌ಗೆ ತರಬೇಕು, ಹಳೇ ಕೋಡ್ ಓದಬೇಕಾ?

ತೀರ್ಥಹಳ್ಳಿ ಹುಡುಗ:

ಎಲ್ಲರಿಗೂ ನಮಸ್ಕಾರ. ಬಿಸಿಎ ಮುಗಿಸಿ ಊರಲ್ಲೇ ಇದ್ದೇನೆ. ದೊಡ್ಡಪ್ಪನ ಅಡಿಕೆ ಮಂಡಿಯ ಕಂಪ್ಯೂಟರ್ ಕೆಲಸ ಈಗ ನನ್ನ ತಲೆಗೆ ಬಂದಿದೆ. ಅಲ್ಲಿ ಇವತ್ತಿಗೂ ಓಡುತ್ತಿರುವುದು ಡಾಸ್ ಕಾಲದ ಫಾಕ್ಸ್‌ಪ್ರೋ 2.6, ಅಂದರೆ ದಾಖಲೆ ಇಡುವ ಪ್ರೋಗ್ರಾಂ ಬರೆಯಲು ಬಳಸುತ್ತಿದ್ದ ಹಳೇ ಭಾಷೆ. ನೀಲಿ ಪರದೆ, ಬಿಳಿ ಅಕ್ಷರ, ಮೌಸ್ ಮುಟ್ಟುವ ಹಾಗೇ ಇಲ್ಲ. ರೈತರ ಖಾತೆ, ಮುಂಗಡ, ಬಡ್ಡಿ, ತೂಕ, ಹಮಾಲಿ ಎಲ್ಲಾ ಅದರಲ್ಲೇ. ಕೊನೆಗೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ನಲ್ಲಿ ಕರಕರ ಅಂತ ಪಟ್ಟಿ ಬರುತ್ತದೆ. ಬರೆದುಕೊಟ್ಟವರು ಊರು ಬಿಟ್ಟು ಎಷ್ಟೋ ವರ್ಷ ಆಯಿತು.

ಹಳೇ ಎಕ್ಸ್‌ಪಿ ಮಷಿನ್ ಇನ್ನು ಜಾಸ್ತಿ ದಿನ ಬಾಳುವುದಿಲ್ಲ. ಹೊಸ 64 ಬಿಟ್ ವಿಂಡೋಸ್‌ನಲ್ಲಿ ಈ ಪ್ರೋಗ್ರಾಂ ಓಪನ್ನೇ ಆಗುವುದಿಲ್ಲ. ಮಳೆಗಾಲದಲ್ಲಿ ಕರೆಂಟ್ ಹೋಯಿತು ಅಂದರೆ ಇಂಡೆಕ್ಸ್ (ದಾಖಲೆ ಬೇಗ ಹುಡುಕಲು ಇರುವ ಸೂಚಿ) ಕೆಡುತ್ತದೆ. ಗುಮಾಸ್ತರು ರೀಇಂಡೆಕ್ಸ್ ಮೆನುವಿಗೆ ಹೋಗಿ ಎಂಟರ್ ಒತ್ತಿ, ಕಾಫಿ ಕುಡಿಯಲು ಎದ್ದು ಹೋಗುತ್ತಾರೆ. ಅವರಿಗೆ ಅದೇನೂ ದೊಡ್ಡ ವಿಷಯ ಅಲ್ಲ.

ಪೈಥಾನ್‌ನಲ್ಲಿ ಹೊಸದಾಗಿ ಬರೆಯೋಣ ಅಂತಿದ್ದೇನೆ. ಸ್ನೇಹಿತರು "ಸತ್ತ ಭಾಷೆ, ಅದನ್ನೇನು ಓದುತ್ತೀಯ" ಎಂದು ನಗುತ್ತಾರೆ. ದೊಡ್ಡಪ್ಪ "ಇದು ಒಂದು ದಿನವೂ ಲೆಕ್ಕ ತಪ್ಪಿಲ್ಲ, ಮುಟ್ಟಬೇಡ" ಅನ್ನುತ್ತಾರೆ. ಹಳೇ ಕೋಡ್ ಓದುತ್ತಾ ಕೂರುವುದರಲ್ಲಿ ಏನಾದರೂ ಲಾಭ ಇದೆಯಾ?

ಬೆಟ್ಟೆ ರಾಜ:

ಟ್ಯಾಲಿ ಹಾಕಿ ಮುಗಿಸಿ ಮಾರಾಯ್ರೆ. ಮ್ಯೂಸಿಯಂನಲ್ಲಿ ಇಡೋ ಸಾಮಾನಿಗೆ ಇಷ್ಟೊಂದು ತಲೆಬಿಸಿ ಯಾಕೆ?

ಡಾಸ್ ಮೇಷ್ಟ್ರು, ಶಿವಮೊಗ್ಗ:

ತಮ್ಮಾ, ಮೊದಲು ನಿಮ್ಮ ಸ್ನೇಹಿತರಿಗೆ ಒಂದು ಮಾತು ಹೇಳಿ. ಪೈಥಾನ್ ಮೊದಲು ಹೊರಬಂದಿದ್ದು 1991ರಲ್ಲಿ. ನಿಮ್ಮ ಫಾಕ್ಸ್‌ಪ್ರೋ 2.6 ಬಂದಿದ್ದು 1994ರಲ್ಲಿ. ಅವರು ಹೊಸದು ಅನ್ನುತ್ತಿರುವುದೇ ವಯಸ್ಸಿನಲ್ಲಿ ದೊಡ್ಡದು! ಇನ್ನೂ ಕೆದಕಿದರೆ, ಪೈಥಾನ್‌ನಲ್ಲಿ ನೀವು ಬರೆಯುವ ಕ್ಲಾಸ್ (ಡೇಟಾ ಮತ್ತು ಅದರ ಕೆಲಸವನ್ನು ಒಟ್ಟಿಗೆ ಕಟ್ಟುವ ಅಚ್ಚು) ನಾರ್ವೆಯವರ ಸಿಮುಲಾ 67 ಭಾಷೆಯಿಂದ ಬಂದಿದ್ದು. ಬೇಡದ ಮೆಮೊರಿಯನ್ನು ತಾನೇ ಗುಡಿಸಿಕೊಳ್ಳುವ ಉಪಾಯ ಜಾನ್ ಮೆಕಾರ್ಥಿಯ ಲಿಸ್ಪ್ ಭಾಷೆಯದು, ಅದು ಶುರುವಾಗಿದ್ದು 1958ರಲ್ಲಿ.

ನಾನು ತೊಂಬತ್ತರ ದಶಕದಲ್ಲಿ ಇಲ್ಲಿ ಫಾಕ್ಸ್‌ಪ್ರೋ ಪಾಠ ಮಾಡುತ್ತಿದ್ದವನು. ಬೆಳಗ್ಗೆ ಪಾಠ, ಮಧ್ಯಾಹ್ನದ ಮೇಲೆ ಮಂಡಿಗೋ ಅಕ್ಕಿ ಗಿರಣಿಗೋ ಪ್ರೋಗ್ರಾಂ ಬರೆದುಕೊಡುವುದು. ನಾವು ಮಂಡಿ ಯಜಮಾನರ ಎದುರು ಕೂತು, ಅವರು ಬಾಯಲ್ಲಿ ಹೇಳಿದ್ದನ್ನೆಲ್ಲ ನೇರ ಕೋಡ್‌ಗೆ ಇಳಿಸುತ್ತಿದ್ದೆವು. ಬೇರೆ ಕಾಗದ ಪತ್ರ ಏನೂ ಇರುತ್ತಿರಲಿಲ್ಲ. ಹಾಗಾಗಿ ಮಂಡಿಯ ನಿಯಮ ಬರವಣಿಗೆಯಲ್ಲಿ ಇರುವ ಜಾಗ ಒಂದೇ, ಫಾಕ್ಸ್‌ಪ್ರೋ ಕೋಡ್ ಇರುವ ಆ ಪಿಆರ್‌ಜಿ ಫೈಲ್. ಅದನ್ನು ಓದದೆ ಹೊಸದು ಬರೆದರೆ ನೀವು ಬರೆಯುವುದು ನಿಮ್ಮ ಊಹೆಯ ಮಂಡಿ, ದೊಡ್ಡಪ್ಪನ ಮಂಡಿ ಅಲ್ಲ.

ಟ್ಯಾಲಿ ಒಳ್ಳೆಯದೇ. ಆದರೆ ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಒಬ್ಬನೇ ರೈತ ನಾಲ್ಕು ತರದ ಅಡಿಕೆ ತಂದು ಹಾಕಿ, ಅದರ ಮೇಲೆ ಮುಂಗಡ ಎತ್ತಿ, ದರ ಬಂದಾಗ ಮಾರುವ ವ್ಯವಹಾರಕ್ಕೆ ಅದನ್ನು ಒಗ್ಗಿಸುವುದೂ ಒಂದು ಕೆಲಸವೇ. ಆಗಲೂ ನಿಯಮ ಗೊತ್ತಿರಲೇಬೇಕು.

ಈಗ ಡೇಟಾ. ಫಾಕ್ಸ್‌ಪ್ರೋ ದಾಖಲೆಗಳನ್ನು ಇಡುವ ಒಂದು ಡಿಬಿಎಫ್ ಫೈಲನ್ನು ಕಾಪಿ ಮಾಡಿಕೊಂಡು (ಕಾಪಿಯನ್ನೇ!) ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಮೊದಲು ಒಂದಿಷ್ಟು ಕಸ, ಅದರ ನಡುವೆ ಕಾಲಂ ಹೆಸರು. ಆಮೇಲೆ ರೈತರ ಹೆಸರು, ತೂಕ, ದರ ಎಲ್ಲಾ ಕಣ್ಣಲ್ಲೇ ಓದಬಹುದು. ಸಾಮಾನ್ಯ ಸಂಖ್ಯೆಯ ಕಾಲಮ್ಮನ್ನೂ ಅದು ಅಕ್ಷರವಾಗಿಯೇ ಬರೆದಿಡುತ್ತದೆ. ಅದಕ್ಕೇ ಈ ಫೈಲ್ ಮಾದರಿ ಹುಟ್ಟಿದ ಡಿಬೇಸ್ ಎಂಬ ಹಳೇ ಪ್ರೋಗ್ರಾಂ ಮೂಲೆಗೆ ಸರಿದರೂ, ಫಾಕ್ಸ್‌ಪ್ರೋವನ್ನು 1992ರಲ್ಲಿ ಕೊಂಡ ಮೈಕ್ರೋಸಾಫ್ಟ್ 2015ರಲ್ಲಿ ಅದರ ಕೈಬಿಟ್ಟರೂ, ಈ ಫೈಲ್ ಓದಲು ಬರುತ್ತಿದೆ. ಲಿಬ್ರೆಆಫೀಸ್ ನೇರವಾಗಿ ತೆರೆಯುತ್ತದೆ, ಪೈಥಾನ್‌ನಲ್ಲಿ ಡಿಬಿಎಫ್‌ರೀಡ್ ಎಂಬ ಲೈಬ್ರರಿ ಇದೆ.

ಪ್ರತಿ ದಾಖಲೆಯ ಮೊದಲ ಅಕ್ಷರ ನೋಡಿ. ಅಲ್ಲಿ ಖಾಲಿ ಜಾಗ ಇದ್ದರೆ ದಾಖಲೆ ಇದೆ ಅಂತ, ನಕ್ಷತ್ರದ ಗುರುತು ಇದ್ದರೆ ಅಳಿಸಿದ್ದು ಅಂತ. ಡಿಲೀಟ್ ಅಂದರೆ ಫಾಕ್ಸ್‌ಪ್ರೋ ಆ ಗುರುತು ಹಾಕುತ್ತದೆ ಅಷ್ಟೇ, ಪ್ಯಾಕ್ ಎಂಬ ಆಜ್ಞೆ ಕೊಡುವ ತನಕ ದಾಖಲೆ ಅಲ್ಲೇ ಇರುತ್ತದೆ. ನಿಮ್ಮ ಹೊಸ ಪ್ರೋಗ್ರಾಂ ಇದನ್ನು ಗಮನಿಸದೆ ಎಲ್ಲವನ್ನೂ ಎಳೆದುಕೊಂಡರೆ, ಎಂದೋ ರದ್ದಾದ ಪಟ್ಟಿಗಳೆಲ್ಲ ಎದ್ದು ಬರುತ್ತವೆ. ಸಾಲ ತೀರಿಸಿದ ರೈತನಿಗೆ ಬಾಕಿ ತೋರಿಸಿದರೆ ಮಂಡಿಯಲ್ಲಿ ಏನಾಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ.

ಇನ್ನು ಪೈಸೆ. ಬಡ್ಡಿ 412 ರೂಪಾಯಿ 50 ಪೈಸೆ ಬಂತು ಅನ್ನಿ. ಪೂರ್ಣ ರೂಪಾಯಿಗೆ ತರುವ ಫಾಕ್ಸ್‌ಪ್ರೋದ ರೌಂಡ್ ಅದನ್ನು 413 ಮಾಡುತ್ತದೆ. ಪೈಥಾನ್ 3ರ ರೌಂಡ್ 412 ಮಾಡುತ್ತದೆ. ಸರಿಯಾಗಿ ಅರ್ಧ ಬಂದರೆ ಅದು ಹತ್ತಿರದ ಸರಿಸಂಖ್ಯೆಗೆ ಹೋಗುತ್ತದೆ. 413.50 ಇದ್ದರೆ ಎರಡರಲ್ಲೂ 414. ಅಂದರೆ ಪಟ್ಟಿ ಒಮ್ಮೆ ತಾಳೆಯಾಗುತ್ತದೆ, ಒಮ್ಮೆ ಆಗುವುದಿಲ್ಲ. ಹುಡುಕಿ ಸಾಕಾಗುತ್ತದೆ. ದುಡ್ಡಿನ ಲೆಕ್ಕಕ್ಕೆ ಪೈಥಾನ್‌ನ ಡೆಸಿಮಲ್ (ದಶಮಾಂಶದಲ್ಲೇ ಲೆಕ್ಕ ಹಾಕುವ ಸಂಖ್ಯೆ) ಬಳಸಿ, ಅರ್ಧವನ್ನು ಮೇಲಕ್ಕೆ ಏರಿಸು ಅಂತ ಸ್ಪಷ್ಟವಾಗಿ ಹೇಳಿ. ಸುಮ್ನೆ ಫ್ಲೋಟ್ (ದಶಮಾಂಶವನ್ನು ಅಂದಾಜಾಗಿ ಇಡುವ ಸಂಖ್ಯೆ) ಬಳಸಬೇಡಿ. 0.1ಕ್ಕೆ 0.2 ಕೂಡಿಸಿ ನೋಡಿ, 0.3 ಬರುವ ಬದಲು 0.30000000000000004 ಅಂತ ಬಾಲದಲ್ಲಿ 4 ಅಂಟಿಕೊಂಡು ಬರುತ್ತದೆ.

ಈ ವಿಷಯದಲ್ಲಿ ಕೋಬಾಲ್ ಬರೆದವರು ಬುದ್ಧಿವಂತರು. 1959ರಲ್ಲಿ ಆ ಭಾಷೆ ಕಟ್ಟಲು ಕೂತವರ ತಲೆಯಲ್ಲಿ ಇದ್ದದ್ದೇ ಸಂಬಳ, ಸ್ಟಾಕು, ಬಿಲ್ಲು. ರೂಪಾಯಿಗೆ ಎಷ್ಟು ಅಂಕಿ, ಪೈಸೆಗೆ ಎಷ್ಟು ಅಂಕಿ ಅಂತ ಮೊದಲೇ ಬರೆದುಬಿಡಬೇಕು, ಲೆಕ್ಕ ದಶಮಾಂಶದಲ್ಲೇ ನಡೆಯುತ್ತದೆ. ದೊಡ್ಡ ದೊಡ್ಡ ಬ್ಯಾಂಕುಗಳು ಅದನ್ನು ಇನ್ನೂ ಇಟ್ಟುಕೊಂಡಿರುವುದಕ್ಕೆ ಇದೂ ಒಂದು ಕಾರಣ. 2020ರ ಏಪ್ರಿಲ್‌ನಲ್ಲಿ ಕೊರೊನಾದಿಂದ ಕೆಲಸ ಹೋದವರ ಅರ್ಜಿ ತುಂಬಿ ತುಳುಕಿದಾಗ, ಅಮೆರಿಕದ ನ್ಯೂಜೆರ್ಸಿಯ ಗವರ್ನರ್ ಟಿವಿ ಮುಂದೆ ನಿಂತು ಕೋಬಾಲ್ ಗೊತ್ತಿರುವವರು ಬನ್ನಿ ಎಂದು ಕರೆದರು. ನಗುವ ಸ್ನೇಹಿತರಿಗೆ ಇದನ್ನೂ ಹೇಳಿ.

ನಕ್ಷೆ ಮಾಡೋಳು, ಸಾಗರ:

ಮೇಷ್ಟ್ರೇ, ಡಿಬಿಎಫ್ ಓದಲು ಬರುತ್ತದೆ ಅಂದಿರಿ. ನಾವು ಅದನ್ನು ದಿನಾ ಬರೆಯುತ್ತಿದ್ದೇವೆ! ನಾನು ತೋಟ, ಸೊಪ್ಪಿನ ಬೆಟ್ಟದ ನಕ್ಷೆ ಮಾಡುವ ಕೆಲಸದಲ್ಲಿ ಇದ್ದೇನೆ. ನಕ್ಷೆ ಮಾಡುವ ಕ್ಯೂಜಿಐಎಸ್ ಎಂಬ ಪ್ರೋಗ್ರಾಂನಲ್ಲಿ ನಕ್ಷೆಯನ್ನು ಶೇಪ್‌ಫೈಲ್ ಆಗಿ ಸೇವ್ ಮಾಡಿದರೆ ಅದರ ಜೊತೆ ಒಂದು ಡಿಬಿಎಫ್ ಬರುತ್ತದೆ. ಯಾರ ಜಮೀನು, ಎಷ್ಟು ಎಕರೆ, ಎಲ್ಲಾ ಅದರಲ್ಲೇ.

ಕಾಲಂ ಹೆಸರು ಹತ್ತು ಅಕ್ಷರ ದಾಟುವಂತಿಲ್ಲ. ಇಂಗ್ಲಿಷ್‌ನಲ್ಲಿ "ಸರ್ವೆ ನಂಬರ್ ಓಲ್ಡ್", "ಸರ್ವೆ ನಂಬರ್ ನ್ಯೂ" ಅಂತ ಎರಡು ಕಾಲಂ ಮಾಡಿದರೆ ಎರಡರ ಬಾಲವೂ ಕತ್ತರಿಸಿ ಹೋಗುತ್ತದೆ. ಯಾವುದು ಹಳೇದು, ಯಾವುದು ಹೊಸದು ಅಂತ ಕಡತ ತೆಗೆದು ನೋಡಬೇಕು. ಡಿಬೇಸ್ ಬಳಸದ ನಾನು ಡಿಬೇಸ್‌ಗೆ ಬೈದಷ್ಟು ಯಾರೂ ಬೈದಿರಲಿಕ್ಕಿಲ್ಲ. ಜಿಯೋಪ್ಯಾಕೇಜ್ ಎಂಬ ಹೊಸ ನಕ್ಷೆ ಫೈಲ್ ಮಾದರಿ ಬಂದಿದೆ, ಅದರಲ್ಲಿ ಈ ಗೋಳಿಲ್ಲ. ಆದರೆ ಫೈಲ್ ಕೇಳುವವರೆಲ್ಲ "ಶೇಪ್‌ಫೈಲ್ ಕೊಡಿ" ಅಂತಲೇ ಕೇಳುತ್ತಾರೆ.

ಶಂಕರಘಟ್ಟದ ಭೌತಶಾಸ್ತ್ರ:

ಎಂಎಸ್ಸಿಯಲ್ಲಿ ಫೋರ್ಟ್ರಾನ್ ಕಲಿತವನು ನಾನು. ಐಬಿಎಂನಲ್ಲಿ ಜಾನ್ ಬ್ಯಾಕಸ್ ತಂಡ 1957ರಲ್ಲಿ ಕೊಟ್ಟ ಭಾಷೆ. ಈಗ ಪೈಥಾನ್‌ನ ಗಣಿತದ ಲೈಬ್ರರಿ ನಂಪೈಯಲ್ಲಿ ಸಮೀಕರಣ ಬಿಡಿಸಲು ಹೇಳಿದರೆ ಒಳಗೆ ಕೆಲಸ ಮಾಡುವುದು ಲಾಪ್ಯಾಕ್ ಎಂಬ ಹಳೇ ಲೈಬ್ರರಿ, ಅದು ಮೂಲದಲ್ಲಿ ಫೋರ್ಟ್ರಾನ್. ಅದರ ಫಂಕ್ಷನ್ ಹೆಸರುಗಳು ಕೆಮ್ಮಿದ ಹಾಗೆ ಇರುತ್ತವೆ, ಯಾಕೆಂದರೆ ಹಳೇ ಫೋರ್ಟ್ರಾನ್‌ನಲ್ಲಿ ಹೆಸರಿಗೆ ಆರೇ ಅಕ್ಷರ. ಸಾಗರದವರಿಗೆ ಹತ್ತು ಸಿಕ್ಕಿದೆ, ಪುಣ್ಯವಂತರು. ಆಗುಂಬೆಯಲ್ಲಿ ನಾಳೆ ಮಳೆ ಎಷ್ಟು ಅಂತ ಮೊಬೈಲ್‌ನಲ್ಲಿ ನೋಡುತ್ತೀರಲ್ಲ, ಆ ಲೆಕ್ಕ ಹಾಕುವ ಡಬ್ಲ್ಯುಆರ್‌ಎಫ್‌ನಂಥ ದೊಡ್ಡ ಹವಾಮಾನ ಮಾದರಿಗಳೂ ಫೋರ್ಟ್ರಾನೇ.

ತೀರ್ಥಹಳ್ಳಿ ಹುಡುಗ:

ಮೇಷ್ಟ್ರೇ, ಪಿಆರ್‌ಜಿ ಸಿಕ್ಕಿತು, ಹಳೇ ಫ್ಲಾಪಿಯದೇ ಕಾಪಿ ಅದೇ ಮಷಿನ್‌ನಲ್ಲಿ ಇತ್ತು. ಬಡ್ಡಿ ಲೆಕ್ಕದಲ್ಲಿ ಒಂದು ಇಫ್ (ಷರತ್ತು) ಇದೆ: ಮುಂಗಡ ಎತ್ತಿ ಎಂಟು ದಿನ ತುಂಬದಿದ್ದರೆ ಬಡ್ಡಿ ಸೊನ್ನೆ. ಪಕ್ಕದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ "ಯಜಮಾನರು ಹೇಳಿದ್ದು" ಅಂತ ಕಾಮೆಂಟ್! ದೊಡ್ಡಪ್ಪನ ಹತ್ತಿರ ಕೇಳಿದೆ. "ಹೌದಪ್ಪ, ವಾರದೊಳಗೆ ತಂದುಕೊಟ್ಟರೆ ಬಡ್ಡಿ ಹಿಡಿಯುವುದಿಲ್ಲ, ಅದು ಎಲ್ಲರಿಗೂ ಗೊತ್ತಲ್ಲ" ಅಂದರು. ನನಗೆ ಗೊತ್ತಿರಲಿಲ್ಲ. ಇನ್ನೊಂದು, ವರ್ಷಕ್ಕೆ 360 ದಿನ ಹಿಡಿದಿದೆ. ಇದನ್ನು 365 ಮಾಡಲಾ?

ಡಾಸ್ ಮೇಷ್ಟ್ರು, ಶಿವಮೊಗ್ಗ:

ಬೇಡ, ಅದು ನಿಮ್ಮ ತೀರ್ಮಾನ ಅಲ್ಲ. ತಿಂಗಳಿಗೆ 30 ದಿನ ಅಂತ ಹಿಡಿಯುವುದು ಹಳೇ ಲೆಕ್ಕದ ಪದ್ಧತಿ. 365 ಮಾಡಿದರೆ ಪ್ರತಿ ರೈತನ ಬಡ್ಡಿಯೂ ಚೂರು ಇಳಿಯುತ್ತದೆ. ದೊಡ್ಡಪ್ಪ ಒಪ್ಪಿದರೆ ಮಾತ್ರ ಬದಲಾಯಿಸಿ, ಅದೂ ಹೊಸ ವರ್ಷದ ಖಾತೆಯಿಂದ.

ಹೊಸ ಮಷಿನ್‌ಗೆ ವಿಡಾಸ್‌ಪ್ಲಸ್ (ಹೊಸ ವಿಂಡೋಸ್‌ನಲ್ಲಿ ಡಾಸ್ ಪ್ರೋಗ್ರಾಂ ಓಡಿಸುವ ಸಾಫ್ಟ್‌ವೇರ್) ಹಾಕಿ, ಹಳೇ ಪ್ರೋಗ್ರಾಂ ಅದರಲ್ಲಿ ಓಡಿಸಿ ನೋಡಿ. ಡಾಸ್‌ನ ಆಫೀಸ್ ಕೆಲಸದ ಪ್ರೋಗ್ರಾಂಗಳಿಗೆಂದೇ ಮಾಡಿದ್ದು. ಒಂದು ಯುಪಿಎಸ್ ಕೊಡಿಸಿ, ಗುಮಾಸ್ತರ ಕಾಫಿ ಸ್ವಲ್ಪ ಕಮ್ಮಿಯಾದರೂ ಪರವಾಗಿಲ್ಲ. ಪಕ್ಕದಲ್ಲಿ ನಿಧಾನ ಪೈಥಾನ್ ಬರೆಯಿರಿ. ಹೊಸ ಅಡಿಕೆ ಬರಲು ಶುರುವಾದಾಗ ಎರಡರಲ್ಲೂ ಪಟ್ಟಿ ತೆಗೆಯಿರಿ, ರೂಪಾಯಿಗೆ ರೂಪಾಯಿ ತಾಳೆ ನೋಡಿ. ತಾಳೆಯಾಗದ ಪಟ್ಟಿ ಸಿಕ್ಕರೆ ಇಲ್ಲಿ ಹಾಕಿ, ಆದರೆ ರೈತರ ಹೆಸರು ಅಳಿಸಿ ಹಾಕಿ.