ಸೈಟ್ ಮಾರಾಟದಲ್ಲಿ ಬ್ಲ್ಯಾಕ್ ದುಡ್ಡು, ಅದ್ರಲ್ಲಿ ದಶಮಾಂಶ ಕೊಟ್ರೆ ಅದು ವಿಧೇಯತೆನಾ?

ಹೇಮಾವತಿ_ದಡ ಕೇಳಿದ್ದು:

ಎಲ್ಲರಿಗೂ ವಂದನೆಗಳು. ನಾನು ಹಾಸನದ ಕಡೆಯವನು, ನಮ್ಮದು ಸಿಎಸ್‌ಐ (ಪ್ರೊಟೆಸ್ಟೆಂಟ್ ಕ್ರೈಸ್ತ ಸಭೆ) ಕುಟುಂಬ. ತಂದೆಯವರು ತೀರ್ಕೊಂಡ್ಮೇಲೆ ಅವರ ಹೆಸರಲ್ಲಿದ್ದ ಒಂದು ಸೈಟು ನಂಗೂ ತಂಗಿಗೂ ಬಂತು, ಈಗ ಮಾರೋಣ ಅಂತಿದೀವಿ. ಪಾರ್ಟಿ ಸಿಕ್ಕಿದ್ದಾರೆ, 62 ಲಕ್ಷಕ್ಕೆ ಮಾತಾಗಿದೆ, ಆದ್ರೆ ಪತ್ರದಲ್ಲಿ 34 ಲಕ್ಷ ಮಾತ್ರ ತೋರಿಸೋದು, ಗೈಡೆನ್ಸ್ ವ್ಯಾಲ್ಯೂ (ಸರ್ಕಾರ ಗೊತ್ತು ಮಾಡಿರೋ ಕನಿಷ್ಠ ಬೆಲೆ) ಅಷ್ಟೇ ಇರೋದು, ಉಳಿದ 28 ಕ್ಯಾಶ್ ಅಂತಾರೆ. ಬ್ರೋಕರ್ ಹೇಳೋದು ಇದೆಲ್ಲಾ ಮಾಮೂಲಿ ಸಾರ್, ಈ ಊರಲ್ಲಿ ಫುಲ್ ವೈಟ್ ಅಂದ್ರೆ ಸೈಟು ಹಂಗೇ ಇರುತ್ತೆ ಹುಲ್ಲು ಬೆಳ್ಕೊಂಡು ಅಂತ.

ಮೊದಲು ನಂಗೂ ಏನೂ ಅನ್ಸಿರ್ಲಿಲ್ಲ. ಕ್ಯಾಶ್‌ನಲ್ಲಿ ದಶಮಾಂಶ, ದೇವರಿಗೆ ಕೊಡೋ ಹತ್ತರಲ್ಲೊಂದು ಪಾಲು, ತೆಗೆದು, ಅಂದ್ರೆ 2 ಲಕ್ಷ 80 ಸಾವಿರ, ನಮ್ಮ ಸಭೆ (ಚರ್ಚ್) ಶೀಟು ಸೋರ್ತಾ ಇದೆ ಅದಕ್ಕೆ ಕೊಟ್ಟುಬಿಡೋಣ ಅಂತ ಮನಸ್ಸಲ್ಲೇ ಲೆಕ್ಕ ಹಾಕ್ಕೊಂಡಿದ್ದೆ. ಆಮೇಲೆ ಯಾಕೋ ಪ್ರಾರ್ಥನೆಗೆ ಕೂತ್ರೆ ಅದೇ ತಲೇಲಿ ಓಡುತ್ತೆ. ನಮ್ಮ ಮನೆಯವಳು ಈ ಕ್ಯಾಶ್ ಬೇಡ ಅಂತಾಳೆ. ತಂಗಿ ಫೋನಲ್ಲಿ, ಅಣ್ಣಾ ನಿಂಗೆ ಈಗ್ಲೇ ಭಕ್ತಿ ಬರಬೇಕಾಗಿತ್ತಾ, ನನ್ನ ಪಾಲಿನ ದುಡ್ಡು ಅದು ಅಂತಾಳೆ, ಅವಳದ್ದೂ ತಪ್ಪಿಲ್ಲ, ಮಗಳ ಕಾಲೇಜು ಫೀಸು ಕಟ್ಟಬೇಕು. ದೇವರಿಗೆ ವಿಧೇಯನಾಗೋದು ಅಂದ್ರೆ ಸ್ಟ್ಯಾಂಪ್ ಪೇಪರ್ ತನಕ ಬರುತ್ತಾ? ನೀವಾಗಿದ್ರೆ ಏನ್ ಮಾಡ್ತಿದ್ರಿ, ಪ್ರಾಮಾಣಿಕವಾಗಿ ಹೇಳಿ.

ಕಪ್ಪುಹೊಲ_ಗದಗ:

ನೋಡ್ರಿ ಅಣ್ಣಾರ, ಬೈಬಲ್ಲಿನ 1 ಸಮುವೇಲ 15 ನಿಮ್ಮ ಸಲುವಾಗೇ ಬರದಂಗ ಐತಿ. ರಾಜ ಸೌಲಗ ದೇವರು, ವೈರಿ ಅಮಾಲೇಕ್ಯರದು ಏನೂ ಉಳಸಬ್ಯಾಡ ಅಂದಿದ್ದ (ಆ ಆಜ್ಞೆ ಓದಾಕ ನನಗೂ ಕಷ್ಟ ಆಗತೈತಿ, ಅದು ಬ್ಯಾರೆ ಚರ್ಚೆ, ಅದನ್ನ ಇಲ್ಲಿ ಎಳೀಬ್ಯಾಡ್ರಿ). ಇವ ಏನ್ ಮಾಡಿದ, ಬಡಕಲ ದನ ಎಲ್ಲಾ ಹೊಡದು, ದಪ್ಪನ್ನ ಕುರಿ, ಎತ್ತು ಅಷ್ಟು ಇಟಗೊಂಡ. ಪ್ರವಾದಿ ಸಮುವೇಲ ಬಂದಾಗ ಇವನ ಮದ್ಲ ನಾನು ದೇವರು ಹೇಳಿದ್ದೆಲ್ಲಾ ಮಾಡೇನಿ ಅಂತ ಹೇಳ್ತಾನ. ಮುದುಕ ಕೇಳ್ತಾನ, ಹಂಗಾದ್ರ ನನ್ನ ಕಿವಿಗೆ ಬೀಳಾಕತ್ತಿರೋ ಕುರಿ ಸಪ್ಪಳ ಏನಪಾ ಅಂತ. ಆಗ ಸೌಲನ ಮಾತ ಕೇಳ್ರಿ: ಜನ ಉಳಸ್ಯಾರ, ನಿನ್ನ ದೇವರಿಗೆ ಯಜ್ಞ ಕೊಡಾಕ. "ಜನ" ಅಂತಾನ, ನಿಮ್ಮ ಬ್ರೋಕರ್ ಎಲ್ಲಾರೂ ಮಾಡ್ತಾರ ಅಂದಂಗ. ಮ್ಯಾಲ "ನಿನ್ನ ದೇವರು" ಅಂತಾನ, ನನ್ನ ದೇವರು ಅನ್ನಲ್ಲ.

ನಿಮ್ಮ 2 ಲಕ್ಷ 80 ಸಾವಿರ ಆ ಕುರೀನ ಐತ್ರಿ. ಸಿಟ್ಟಾಗಬ್ಯಾಡ್ರಿ. ಶೀಟಿನ ಮ್ಯಾಲೆ ಮಳಿ ಬಿದ್ದಾಗೆಲ್ಲಾ ನಿಮಗ ಅದ ಸಪ್ಪಳ ಕೇಳತೈತಿ.

ಸಿಂಪಲ್_ವಿಶ್ವಾಸಿ:

ಬ್ರದರ್ ಸುಮ್ನೆ ಗಿಲ್ಟ್ ಮಾಡ್ಕೋಬೇಡಿ. ನಾವು ಕೃಪೆಗೆ ಅಧೀನರು, ಧರ್ಮಶಾಸ್ತ್ರಕ್ಕಲ್ಲ, ರೋಮಾ 6:14. ರಕ್ಷಣೆ ನಂಬಿಕೆಯಿಂದ, ರಿಜಿಸ್ಟ್ರಾರ್ ಆಫೀಸಿಂದ ಅಲ್ಲ. ಟ್ಯಾಕ್ಸ್ ಕಟ್ಟಿದ್ರೆ ಆ ದುಡ್ಡು ಯಾರ ಹೊಟ್ಟೆಗೆ ಹೋಗುತ್ತೆ ಎಲ್ಲರಿಗೂ ಗೊತ್ತು, ಅದ್ರ ಬದಲು ಸಭೆ ಸೂರಿಗೆ ಹೋದ್ರೆ ಒಳ್ಳೇದೇ ತಾನೇ. ಇದನ್ನೆಲ್ಲಾ ದೊಡ್ಡ ವಿಷಯ ಮಾಡಿದ್ರೆ ಕ್ರೈಸ್ತರು ಬಿಸಿನೆಸ್ಸೇ ಮಾಡಕ್ಕಾಗಲ್ಲ.

ಕಪ್ಪುಹೊಲ_ಗದಗ:

6:14ಕ್ಕ ನಿಂತ್ರಿ ಅಲ್ರಿ, ಹಂಗ ಒಂದ ವಚನ ಕೆಳಗ ಬರ್ರಿ. ಕೃಪೆಗೆ ಅಧೀನರು ಅಂತ ಪಾಪ ಮಾಡೋಣೇನು ಅಂತ ಪೌಲನ ಕೇಳ್ತಾನ, ಎಂದಿಗೂ ಇಲ್ಲ ಅಂತ ತಾನ ಹೇಳ್ತಾನ.

ಲೆಡ್ಜರ್_ಅಕ್ಕ:

ನಾನು ತುಮಕೂರಲ್ಲಿ ಒಂದು ಆಡಿಟರ್ ಆಫೀಸಲ್ಲಿ ಕೆಲಸ ಮಾಡೋಳು. ಮೊದಲು ಕಾನೂನು ಹೇಳ್ಬಿಡ್ತೀನಿ. 2015ರಿಂದ ಆಸ್ತಿ ಮಾರಾಟಕ್ಕೆ 20,000 ಅಥವಾ ಅದಕ್ಕಿಂತ ಜಾಸ್ತಿ ಕ್ಯಾಶ್ ತಗೊಳ್ಳಂಗಿಲ್ಲ, ಸಿಕ್ಕಿಬಿದ್ರೆ ಎಷ್ಟು ತಗೊಂಡಿದೀರೋ ಅಷ್ಟೂ ದಂಡ ಹಾಕಬಹುದು, ಅದೂ ತಗೊಂಡವರಿಗೆ, ಅಂದ್ರೆ ನಿಮಗೆ. ಮುಚ್ಚಿಟ್ರೆ ನಿಮ್ಮ ಕಡೆ ಉಳಿಯೋ ಟ್ಯಾಕ್ಸ್ ಎಷ್ಟು ನೋಡಿ, ಕ್ಯಾಪಿಟಲ್ ಗೇನ್ಸ್ (ಆಸ್ತಿ ಮಾರಿದ ಲಾಭದ ಮೇಲಿನ ಟ್ಯಾಕ್ಸ್) ಈಗ 12.5 ಪರ್ಸೆಂಟ್, 28 ಲಕ್ಷಕ್ಕೆ ಮೂರೂವರೆ ಲಕ್ಷ, ಮೇಲೆ ಸೆಸ್ಸು. ಮನೆ ಕಟ್ಟಿಸೋದಿದ್ರೆ ಅದ್ರಲ್ಲೂ ವಿನಾಯಿತಿ ಸಿಗೋ ಚಾನ್ಸ್ ಇದೆ, ಷರತ್ತುಗಳಿವೆ, ಕೇಳಿ ನೋಡಿ. ಕೊಳ್ಳೋರಿಗೆ ಹೊಟ್ಟೆನೋವು ಬೇರೆ, ಸ್ಟ್ಯಾಂಪ್ ಡ್ಯೂಟಿ 5, 2025ರ ಆಗಸ್ಟ್ ಕೊನೆಯಿಂದ ರಿಜಿಸ್ಟ್ರೇಶನ್ ಫೀಸು 1 ಹೋಗಿ 2 ಆಗಿದೆ, 28 ಲಕ್ಷಕ್ಕೆ ಅವರಿಗೆ ಸುಮಾರು 2 ಲಕ್ಷ ಉಳಿಯುತ್ತೆ, ಅದಕ್ಕೇ ಹಿಡ್ಕೊಂಡಿರೋದು.

ಇಷ್ಟೆಲ್ಲಾ ಗೊತ್ತಿದ್ದೂ ನಾನೇ ಮಾಡಿದೀನಿ. ಅಮ್ಮನ ಸೈಟು ಮಾರ್ದಾಗ. ದುಡ್ಡು ತರೋಕೆ ಚೀಲ ಕಾಣ್ಬಾರ್ದು ಅಂತ ಬೈಬಲ್ಲಿನ ಜಿಪ್ ಬ್ಯಾಗ್ ತಗೊಂಡು ಹೋಗಿದ್ದೆ, ಅದ್ರಲ್ಲಿ ಕೀರ್ತನೆ ಪುಸ್ತಕ ಹೊರಗಿಟ್ಟು ಕಟ್ಟುಗಳನ್ನ ತುಂಬಿದ್ವಿ. ಮನೇಲಿ ಊಟದ ಟೇಬಲ್ ಮೇಲೆ ಸುರಿದು ರಬ್ಬರ್ ಬ್ಯಾಂಡ್ ಬಿಚ್ಚಿ ಎಣಿಸ್ತಿದ್ದಾಗ ನನ್ನ ಮಗಳು, ಆಗ ಏಳು ವರ್ಷ, ಅಮ್ಮಾ ಇದು ಕಾಣಿಕೆ ದುಡ್ಡಾ ಅಂತ ಕೇಳಿದ್ಲು. ನಾನು ಹೂಂ ಅಂದುಬಿಟ್ಟೆ. ಬಾಯಿಗೆ ಬಂದಿದ್ದು ಅದೇ.

ಆಮೇಲೆ ಒಂದಿನ ಅಪೊಸ್ತಲರ ಕೃತ್ಯ 5 ಓದ್ತಾ ಮೈ ಜುಮ್ ಅಂತು. ಅನನೀಯ, ಸಪ್ಫೈರ ಅಂತ ಗಂಡ ಹೆಂಡತಿ, ಅದೂ ಹೊಲ ಮಾರಿದ ಕಥೆನೇ, ಸ್ವಲ್ಪ ದುಡ್ಡು ಇಟ್ಕೊಂಡು ಬಂದಿದ್ದೆಲ್ಲಾ ಇಷ್ಟೇ ಅಂತ ಸುಳ್ಳು ಹೇಳಿದವರು. ಅವರು ದುಡ್ಡು ಇಟ್ಕೊಂಡಿದ್ದು ತಪ್ಪಲ್ಲ, ಮಾರಿದ್ಮೇಲೂ ಅದು ನಿನ್ನ ಕೈಯಲ್ಲೇ ಇತ್ತಲ್ಲ ಅಂತ ಯೇಸುವಿನ ಶಿಷ್ಯ ಪೇತ್ರನೇ ಹೇಳ್ತಾನೆ. ಆಮೇಲೆ ಹೆಂಡತಿ ಬಂದಾಗ ಒಂದೇ ಪ್ರಶ್ನೆ, ಹೊಲ ಇಷ್ಟಕ್ಕೇ ಮಾರಿದ್ರಾ? ಹೌದು, ಇಷ್ಟಕ್ಕೇ ಅಂತಾಳೆ. ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಕ್ಯಾಮೆರಾ ಮುಂದೆ ಕೂತು ಹೆಬ್ಬೆಟ್ಟು ಒತ್ತಿದಾಗ ನಾನು ಹೇಳಿದ್ದೂ ಅದೇ ತಾನೇ.

ಎರಡು ವರ್ಷ ತುಂಬೋದ್ರೊಳಗೆ ಅಪ್‌ಡೇಟೆಡ್ ರಿಟರ್ನ್ (ಬಿಟ್ಟುಹೋದ ಆದಾಯ ತೋರಿಸೋ ತಿದ್ದಿದ ಟ್ಯಾಕ್ಸ್ ಲೆಕ್ಕ) ಹಾಕಿ, ಟ್ಯಾಕ್ಸು, ಬಡ್ಡಿ, ಮೇಲೆ ಅದರ ಅರ್ಧ ಹೆಚ್ಚುವರಿ ಕಟ್ಟಿದೆ. ನಮ್ಮ ಆಫೀಸಲ್ಲಿ ನಕ್ರು. ಬೈಬಲ್ಲಿನ ಸುಂಕದವ ಜಕ್ಕಾಯ ಮೋಸದಿಂದ ತಗೊಂಡಿದ್ದಕ್ಕೆ ನಾಲ್ಕು ಪಟ್ಟು ವಾಪಸ್ ಕೊಡ್ತೀನಿ ಅಂದ, ನಂದು ಒಂದೂವರೆ ಪಟ್ಟು ಅಷ್ಟೇ. ಕ್ಯಾಶ್ ತಗೊಂಡಿದ್ದಕ್ಕೆ ನೋಟಿಸ್ ಬರಬಹುದು ಅನ್ನೋ ಭಯ ಇನ್ನೂ ಹೋಗಿಲ್ಲ. ಆದ್ರೆ ಮಗಳಿಗೆ ಅದು ಕಾಣಿಕೆ ದುಡ್ಡಾಗಿರ್ಲಿಲ್ಲ ಅಂತ ಹೇಳಿದೀನಿ, ಅದೇ ಜಾಸ್ತಿ ಕಷ್ಟ ಆಗಿದ್ದು.

ಕೊಡೆ_ಮರೆತವ:

ಲೆಡ್ಜರ್ ಅಕ್ಕ ಹೇಳಿದ್ಮೇಲೆ ನಾನು ಹೇಳೋಕೆ ಹೆಚ್ಚೇನಿಲ್ಲ. ಒಂದೇ ಮಾತು, ತಂಗಿ ವಿಷಯ. ನಿಮ್ಮ ವಿಧೇಯತೆಗೆ ಅವರ ಜೇಬಿಂದ ದುಡ್ಡು ಕಟ್ಟಿಸ್ಬೇಡಿ, ಮಗಳ ಫೀಸು ಅಂತಿದಾರೆ. ಮತ್ತಾಯ 21ರಲ್ಲಿ ಇಬ್ರು ಮಕ್ಕಳ ಸಾಮ್ಯ ಇದೆಯಲ್ಲ, ಒಬ್ಬ ಹೋಗಲ್ಲ ಅಂದು ಆಮೇಲೆ ತೋಟಕ್ಕೆ ಹೋದ, ಇನ್ನೊಬ್ಬ ಹೋಗ್ತೀನಪ್ಪಾ ಅಂದು ಹೋಗ್ಲೇ ಇಲ್ಲ. ನಾವೆಲ್ಲಾ ಭಾನುವಾರ ಎರಡನೇ ಮಗನೇ. ನಿಮ್ಮ ತಂಗಿ ಈಗ ಆಗಲ್ಲ ಅಂದಿರಬಹುದು, ಅವರನ್ನ ಅಲ್ಲಿಗೇ ಬಿಟ್ಟುಬಿಡಬೇಡಿ.

ಹೇಮಾವತಿ_ದಡ:

ಎಲ್ಲರಿಗೂ ಥ್ಯಾಂಕ್ಸ್. ಗದಗಿನ ಅಣ್ಣಾರು ಕುರಿ ಅಂದಿದ್ದು ಮೊದಲು ಚುಚ್ತು, ರಾತ್ರಿ ನಿದ್ದೆ ಬರ್ಲಿಲ್ಲ. ಬೆಳಿಗ್ಗೆ ತಂಗಿಗೆ ಫೋನ್ ಮಾಡಿ, ಫುಲ್ ವೈಟ್ ಮಾಡೋಣ, ಆ 28ರಲ್ಲಿ ನಿನ್ನ ಪಾಲಿಗೆ ಬೀಳೋ ಒಂದು ಮುಕ್ಕಾಲು ಲಕ್ಷ ಟ್ಯಾಕ್ಸ್ ನಾನು ಕಟ್ತೀನಿ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ಲು, ಆಮೇಲೆ ಅತ್ತಿಗೆಗೆ ಫೋನ್ ಕೊಡು ಅಂದ್ಲು, ಅವರಿಬ್ರು ಏನ್ ಮಾತಾಡ್ಕೊಂಡ್ರೋ ನಂಗೆ ಹೇಳ್ತಿಲ್ಲ. ಬ್ರೋಕರ್‌ಗೆ ಹೇಳ್ದಾಗ, ಸಾರ್ ಹಂಗಾದ್ರೆ 57ಕ್ಕೆ ಇಳಿಸ್ಬೇಕಾಗುತ್ತೆ, ಅವ್ರನ್ನ ಕೇಳಿ ಹೇಳ್ತೀನಿ ಅಂದವನು ಇನ್ನೂ ಫೋನ್ ಮಾಡಿಲ್ಲ.

ಅಕ್ಕಾ ಒಂದು ಡೌಟು. ಮುಂಗಡ ಅಂತ 50 ಸಾವಿರ ಕ್ಯಾಶಲ್ಲಿ ಆಗ್ಲೇ ತಗೊಂಡಿದೀನಿ, ಅದೂ ಲೆಕ್ಕಕ್ಕೆ ಬರುತ್ತಾ? ವ್ಯಾಪಾರ ಮುರಿದ್ರೆ ಹಂಗೇ ನೋಟಲ್ಲೇ ವಾಪಸ್ ಕೊಟ್ರೆ ಸರಿಹೋಗುತ್ತಲ್ಲಾ?

ಲೆಡ್ಜರ್_ಅಕ್ಕ:

ಬರುತ್ತೆ. ವಾಪಸ್ ಕೊಡೋಕೂ ಅದೇ 20,000 ಮಿತಿ, ಚೆಕ್ಕಲ್ಲೋ ಆನ್‌ಲೈನಲ್ಲೋ ಕೊಡಿ. ಮುಂಗಡದ ಚೀಟಿ ಇದ್ರೆ ಹರಿದು ಹಾಕ್ಬೇಡಿ.