ವಿಷಯ: ‘ಆಲ್ಟರ್ಡ್ ಬುಕ್’ ಅನ್ನೋದಕ್ಕೆ ಪದ ಬೇಕು, ನಾಳೆ ಬೋರ್ಡು ಬರೆಸಬೇಕು

ಬರೆದವರು: ಅನುವಾದಕಿ

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕು, ತುರ್ತಾಗಿ.

ಹಳೆಯ ಪುಸ್ತಕ ತಗೊಂಡು, ಅದರ ಪುಟಗಳ ಮೇಲೇ ಚಿತ್ರ ಬರೆದು, ಕತ್ತರಿಸಿ, ಅಂಟಿಸಿ, ಮಡಿಸಿ, ಬೇರೆಯೇ ಒಂದು ಚಿತ್ರಪುಸ್ತಕ ಮಾಡುವ ಕಲೆ ಇದೆಯಲ್ಲ, ಇಂಗ್ಲಿಷಿನಲ್ಲಿ ಅದನ್ನು ‘ಆಲ್ಟರ್ಡ್ ಬುಕ್’ ಅಂತಾರೆ. ಮಕ್ಕಳು, ದೊಡ್ಡವರು ಸೇರಿ ಮಾಡಿದ ಇಂಥ ಪುಸ್ತಕಗಳ ಪ್ರದರ್ಶನಕ್ಕೆ ಬೋರ್ಡು ಆಗಬೇಕು. ಜೊತೆಗೆ ಎಂಟು ಪುಟದ ಕೈಪಿಡಿಯ ಅನುವಾದವೂ ನನ್ನ ಪಾಲಿಗೆ ಬಂದಿದೆ. ಬೋರ್ಡು ಬರೆಯುವವರು ನಾಳೆ ಮಧ್ಯಾಹ್ನದೊಳಗೆ ಬರಹ ಕೊಡಿ ಅಂದಿದ್ದಾರೆ.

ನನ್ನ ಕರಡಿನಲ್ಲಿ ಸದ್ಯಕ್ಕೆ ‘ಮಾರ್ಪಡಿಸಿದ ಪುಸ್ತಕ’ ಅಂತಿದೆ. ಓದಿದರೆ ಸುತ್ತೋಲೆ ಓದಿದ ಹಾಗಾಗುತ್ತೆ. ‘ರೂಪಾಂತರಿತ ಗ್ರಂಥ’ ಅಂತ ಒಬ್ಬರು ಸೂಚಿಸಿದರು. ರೂಪಾಂತರ ಅಂದ ಕೂಡಲೇ ಜನ ನಾಟಕ, ಕಾದಂಬರಿ ಅಂದುಕೊಳ್ಳುತ್ತಾರೆ. ಅದೂ ಬೇಡ.

ಹೆಸರಿಡಬೇಕಾದ್ದು ಏನು ಅಂತ ಗೊತ್ತಾಗಲಿ ಅಂತ ಒಂದು ಪುಟದ ಬಗ್ಗೆ ಹೇಳುತ್ತೇನೆ. ಹಳೆಯ ಲೆಕ್ಕದ ಪುಸ್ತಕ. ಒಂದು ತೊಟ್ಟಿ, ಎರಡು ನಲ್ಲಿ, ಎರಡನ್ನೂ ಬಿಟ್ಟರೆ ತೊಟ್ಟಿ ಯಾವಾಗ ತುಂಬುತ್ತೆ ಅನ್ನೋ ಲೆಕ್ಕ. ನಾವೆಲ್ಲ ಮಾಡಿದ್ದೇ. ಒಬ್ಬ ಹುಡುಗಿ ಆ ಪುಟಕ್ಕೆ ಪೂರ್ತಿ ನೀಲಿ ಬಳಿದಿದ್ದಾಳೆ. ನಾಲ್ಕು ಕಡೆ ಮಾತ್ರ ಬಣ್ಣ ತಾಗಿಸಿಲ್ಲ. ಅಲ್ಲಿ ಉಳಿದಿರುವ ಮಾತು: ‘ಎರಡೂ’, ‘ಸೇರಿ’, ‘ತುಂಬಲು’, ‘ಎಷ್ಟು ಹೊತ್ತು’. ನೀಲಿಯಲ್ಲಿ ಎರಡು ಮೀನು, ಎದುರುಬದುರು. ಬಣ್ಣ ತೆಳುವಾಗಿರುವ ಕಡೆ ಲೆಕ್ಕದ ಸಾಲುಗಳು ಇನ್ನೂ ಮಸುಕಾಗಿ ಕಾಣುತ್ತವೆ. ನನಗೆ ಬೇಕಾದ್ದು ಆ ಮಸುಕು ಸಾಲನ್ನೂ ಹಿಡಿಯುವ ಪದ. ‘ಮಾರ್ಪಡಿಸಿದ’ ಅಂದರೆ ಹಳೆಯದು ಹೋಯಿತು ಅಂತಲೇ ಕೇಳಿಸುತ್ತೆ.

---

ಮರು: ಬರೆದವರು: ವ್ಯಾಕರಣದ ಮೇಷ್ಟ್ರು

ಮಾರ್ಹೊತ್ತಗೆ. ಮಾರ್ದನಿ, ಮಾರ್ನುಡಿ ಇದ್ದ ಹಾಗೆ. ಹುಡುಕುವುದೇ ಬೇಡ.

‘ಮಾರ್ಪುಸ್ತಕ’ ಅಂತ ಮಾತ್ರ ಬರೆಯಬೇಡಿ, ಕನ್ನಡ, ಸಂಸ್ಕೃತ ಪದ ಬೆರೆತು ಅರಿಸಮಾಸ ದೋಷವಾಗುತ್ತದೆ. ಹೊತ್ತಗೆ ‘ಪುಸ್ತಕ’ದ ತದ್ಭವ, ಅದಕ್ಕೆ ತೊಂದರೆ ಇಲ್ಲ.

ಈ ‘ಮಾರ್’ ಎಷ್ಟು ಚೆಂದದ ಪದ ಅಂತ ನೋಡಿ. ಹಳಗನ್ನಡದಲ್ಲಿ ಅದು ಮಾಱು, ಶಕಟರೇಫ ಅನ್ನುವ ಹಳೆಯ ‘ಱ’ ಅಕ್ಷರದ್ದು. ಎದುರು, ಬದಲು, ಕೊಟ್ಟು ತಗೊಳ್ಳುವುದು ಎಲ್ಲ ಅದರೊಳಗೇ ಇವೆ. ತಮಿಳಿನಲ್ಲಿ ಇವತ್ತಿಗೂ ‘ಮಾಱು’ ಅಂದರೆ ಬದಲಾಗು. ಲ್ಯಾಟಿನ್ನಿನ ‘ಆಲ್ಟರ್’ ಅಂದರೆ ಎರಡರಲ್ಲಿ ಇನ್ನೊಂದು. ನಮ್ಮ ಮಾರ್ ಕೂಡ ಅದನ್ನೇ ಹೇಳುತ್ತದೆ. ಒಂದು ಪುಸ್ತಕಕ್ಕೆ ಎದುರು ನಿಂತ ಇನ್ನೊಂದು ಪುಸ್ತಕ. ಮೀನಿನ ಪುಟ ಅದೇ ಅಲ್ವಾ?

---

ಮರು: ಬರೆದವರು: ಬೈಂಡಿಂಗ್ ಕೆಲಸದವನು

ಮೇಷ್ಟ್ರೇ, ತಾವೇ ಬರೆದಿದ್ದೀರಿ, ಮಾಱು ಅಂದರೆ ಕೊಟ್ಟು ತಗೊಳ್ಳುವುದು ಅಂತ. ಇವತ್ತು ಮಾರು ಅಂದ ಕೂಡಲೇ ಜನಕ್ಕೆ ಹೊಳೆಯೋದು ಆ ಅರ್ಥವೇ. ಬೋರ್ಡಿನ ಮೇಲೆ ‘ಮಾರ್ಹೊತ್ತಗೆ’ ಕಂಡರೆ ಮಾರಾಟಕ್ಕಿಟ್ಟ ಪುಸ್ತಕ ಅಂತ ಬೆಲೆ ಕೇಳುತ್ತಾರೆ. ಅದೂ ಅಲ್ಲದೆ ‘ರ್ಹೊ’ ಒತ್ತಕ್ಷರವನ್ನು ದೂರದಿಂದ ಓದೋದು ಕಷ್ಟ. ನಾನು ರಟ್ಟಿನ ಮೇಲೆ ಹೆಸರು ಅಚ್ಚು ಹಾಕುವವನು, ಇದು ದಿನಾ ನೋಡೋ ಪಾಡು.

ಮೇಡಂ, ಕೈಪಿಡಿಯ ಬಗ್ಗೆ ಎರಡು ಮಾತು. ಪುಟಗಳನ್ನು ಒಂದಕ್ಕೊಂದು ಅಂಟಿಸಿ ಗಟ್ಟಿ ಮಾಡಿ, ನಡುವೆ ಚೌಕಾಕಾರ ಕೊರೆದು, ಒಳಗೆ ಗೊಂಬೆಯೋ ಗುಂಡಿಯೋ ಇಡ್ತಾರಲ್ಲ, ಅದಕ್ಕೆ ದಯವಿಟ್ಟು ‘ಕುಹರ’ ಅಂತ ಬರೆಯಬೇಡಿ. ಅದು ಗೂಡು. ಗೋಡೆಯಲ್ಲಿ ದೀಪ ಇಡೋ ಗೂಡು ಇದ್ದ ಹಾಗೇ. ಆಚೆ ಪುಟ ಕಾಣುವ ಹಾಗೆ ತೂತು ಮಾಡಿದರೆ ಅದು ಕಿಂಡಿ. ಎರಡೂ ಎಲ್ಲರಿಗೂ ಗೊತ್ತಿರೋ ಪದ.

ಇನ್ನೊಂದು ವಿಷಯ ಕೈಪಿಡಿಯಲ್ಲಿ ಇದೆಯೋ ಇಲ್ಲವೋ ನೋಡಿ. ಹೊಲಿಗೆ ಬೈಂಡಿಂಗ್ ಇರೋ ಪುಸ್ತಕವನ್ನೇ ಆರಿಸಬೇಕು. ಬರೀ ಅಂಟಿನ ಬೈಂಡಿಂಗ್ ಆದರೆ ನಾಲ್ಕು ಸಲ ಬಿಡಿಸುವಷ್ಟರಲ್ಲಿ ಹಾಳೆ ಉದುರುತ್ತೆ. ಚಿತ್ರ, ಬಟ್ಟೆ, ಕಾಗದ ಅಂಟಿಸಿದಂತೆ ಪುಸ್ತಕ ಉಬ್ಬುತ್ತೆ, ಬೆನ್ನು ಬಿರಿಯುತ್ತೆ. ಅದಕ್ಕೇ ಮೊದಲೇ ಅಲ್ಲಲ್ಲಿ ಕೆಲವು ಹಾಳೆ ತೆಗೆದು ಜಾಗ ಮಾಡಿಕೊಳ್ಳಬೇಕು. ತೆಗೆಯುವಾಗ ಬುಡದಲ್ಲಿ ಒಂದು ಬೆರಳಗಲ ಅಂಚು ಬಿಡಬೇಕು, ಇಲ್ಲದಿದ್ದರೆ ಅದೇ ಹೊಲಿಗೆಯ ಜೋಡಿ ಹಾಳೆ ಸಡಿಲವಾಗುತ್ತೆ.

---

ಮರು: ಬರೆದವರು: ಚಿತ್ರಕಲೆ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ತೆ. ‘ಕಸಿಪುಸ್ತಕ’ ಆಗಬಹುದಾ? ಕಸಿ ಮಾಡಿದಾಗ ಹಳೆಯ ಗಿಡದ ಬೇರು, ಬುಡ ಹಾಗೇ ಇರುತ್ತೆ. ಮೇಲೆ ಹೊಸ ಜಾತಿಯ ರೆಂಬೆ ಚಿಗುರುತ್ತೆ. ಮೇಡಂ ಹೇಳಿದ ಮಸುಕು ಸಾಲು ಬೇರಿನ ಹಾಗೆ ಅನ್ನಿಸಿತು.

ಇನ್ನೊಂದು ದಾರಿಯೂ ಇದೆ. ಈ ಕಲೆಯಲ್ಲಿ ಎಲ್ಲರೂ ಮೊದಲು ಹೆಸರಿಸೋದು ಟಾಮ್ ಫಿಲಿಪ್ಸ್ ಅನ್ನೋ ಇಂಗ್ಲೆಂಡಿನ ಕಲಾವಿದರನ್ನು. ಅವರು 1966ರಲ್ಲಿ 1892ರ ಒಂದು ಹಳೆಯ ಕಾದಂಬರಿಯನ್ನು ಮೂರು ಪೆನ್ಸ್ ಚಿಲ್ಲರೆಗೆ ಕೊಂಡು, ಅದರ ಪ್ರತಿ ಪುಟದ ಮೇಲೂ ಚಿತ್ರ ಬರೆದರು. ಸುಮಾರು 50 ವರ್ಷ ಅದೇ ಪುಸ್ತಕವನ್ನು ಮತ್ತೆ ಮತ್ತೆ ಮಾಡಿದರು. ಕೊನೆಯ ಆವೃತ್ತಿ 2016ರದ್ದು. ಮೂಲ ಕಾದಂಬರಿಯ ಹೆಸರು ‘ಎ ಹ್ಯೂಮನ್ ಡಾಕ್ಯುಮೆಂಟ್’. ಪುಟ ಮಡಿಸಿದಾಗ ನಡುವಿನ ಅಕ್ಷರಗಳು ಮುಚ್ಚಿಹೋಗಿ ‘ಎ ಹ್ಯೂಮ್ಯುಮೆಂಟ್’ ಅಂತ ಕಂಡಿತು. ಅದನ್ನೇ ಹೆಸರಾಗಿ ಇಟ್ಟರು. ಅಂದರೆ ಕಲೆ ಆದ ರೀತಿಯಲ್ಲೇ ಹೆಸರೂ ಆಯಿತು. ನಾವೂ ‘ಪುಸ್ತಕ ಚಿತ್ತಾರ’ದ ನಡುವನ್ನು ಮಡಿಸಿ ‘ಪುಸ್ತಾರ’ ಅನ್ನಬಹುದಲ್ವಾ?

---

ಮರು: ಬರೆದವರು: ವ್ಯಾಕರಣದ ಮೇಷ್ಟ್ರು

ಕಸಿ ಅಂದರೆ ಕಿತ್ತುಕೊಳ್ಳು ಅಂತಲೂ ಇದೆ. ಕಸಿದ ಪುಸ್ತಕ ಆಗುತ್ತದೆ. ಮೇಲಾಗಿ ಅರಿಸಮಾಸ. ಬೇಡ.

ಪುಸ್ತಾರ ಪದವಲ್ಲ. ಅರ್ಥ ಬಿಡಿಸಿ ಹೇಳಬೇಕಾದದ್ದು ಬೋರ್ಡಿಗೆ ಆಗದು.

ಮತ್ತೆ ಹೇಳುತ್ತೇನೆ, ಹೊತ್ತಗೆ ನಮ್ಮದು. ಅರಿವನ್ನು ಹೊತ್ತದ್ದು ಹೊತ್ತಗೆ. ಹಳಗನ್ನಡದಲ್ಲಿ ಪೊಱು, ಪೊತ್ತು, ಪೊತ್ತಗೆ. ಇಷ್ಟು ಒಳ್ಳೆಯ ಪದವನ್ನು ಬಿಟ್ಟು ಪುಸ್ತಕ, ಗ್ರಂಥ, ಬುಕ್ಕು ಅಂತ ಸಾಲ ತರುವುದು ಏಕೆ? 13ನೇ ಶತಮಾನದಲ್ಲಿ ಕವಿ ಆಂಡಯ್ಯ ಒಂದು ಇಡೀ ಕಾವ್ಯವನ್ನು ತತ್ಸಮ, ಅಂದರೆ ಸಂಸ್ಕೃತದಿಂದ ಹಾಗೇ ಬಂದ ಪದ, ಇಲ್ಲದೆ ಬರೆದ. ನಮಗೆ ಒಂದು ಬೋರ್ಡು ಬರೆಯಲು ಆಗುವುದಿಲ್ಲವೇ?

---

ಮರು: ಬರೆದವರು: ಕರಡು ತಿದ್ದುತ್ತಿದ್ದವನು

ಮೇಷ್ಟ್ರೇ, ಬೆಳಿಗ್ಗೆ ಹೊತ್ತಗೆ ತದ್ಭವ ಅಂದಿರಿ. ಸಂಜೆಗೆ ಅದು ಹೊರುವುದರಿಂದ ಬಂದ ಅಚ್ಚಗನ್ನಡ ಆಯಿತೇ? ಎರಡರಲ್ಲಿ ಒಂದು ಹೇಳಿ. ಪುಸ್ತಕದಿಂದ ಪೊತ್ತಗೆ, ಅದರಿಂದ ಹೊತ್ತಗೆ. ತಮಿಳಿನಲ್ಲೂ ಪುತ್ತಗಂ ಆಗಿದೆ. ಹೊರುವುದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಇನ್ನು ‘ಪುಸ್ತಕ’ವೇ ಸಂಸ್ಕೃತಕ್ಕೆ ಇರಾನಿನ ಕಡೆಯಿಂದ ಬಂದದ್ದು ಅಂತ ಅನೇಕ ಭಾಷಾವಿದ್ವಾಂಸರು ಹೇಳುತ್ತಾರೆ. ಪಾರಸಿಯಲ್ಲಿ ‘ಪೋಸ್ತ್’ ಅಂದರೆ ಚರ್ಮ. ಚರ್ಮದ ಮೇಲೆ ಬರೆದದ್ದು ಪುಸ್ತಕ. ಆಂಡಯ್ಯನ ಹೆಸರು ತಂದಿರಿ. ಆತ ಬಿಟ್ಟದ್ದು ತತ್ಸಮವನ್ನು, ತದ್ಭವವನ್ನಲ್ಲ. ಬಂದ ಪದವನ್ನು ನಮ್ಮ ನಾಲಿಗೆಗೆ ಒಗ್ಗಿಸಿಕೊಂಡರೆ ಅದು ನಮ್ಮದೇ ಅಂತ ಆತನಿಗೆ ಗೊತ್ತಿತ್ತು.

ಈ ಕಲೆ ಮಾಡುವವರ ಮೇಜು ನೋಡಿ. ಕಾಗದ ಪಾರಸಿಯದು. ರದ್ದಿ ಅರಬ್ಬಿಯಿಂದ ಬಂದದ್ದು. ಕತ್ತರಿ ಕರ್ತರಿಯ ತದ್ಭವ, ಬಣ್ಣ ವರ್ಣದ್ದು, ಕುಂಚ ಕೂರ್ಚದ್ದು. ಪೆನ್ಸಿಲು ಇಂಗ್ಲಿಷಿನದು. ಅಂಟು ಮಾತ್ರ ನಮ್ಮ ಮನೆಯದು. ಉಳಿದದ್ದನ್ನೆಲ್ಲ ಎತ್ತಿಟ್ಟರೆ ಬರೀ ಅಂಟು ಹಿಡಿದುಕೊಂಡು ಏನು ಮಾಡುವುದು?

---

ಮರು: ಬರೆದವರು: ವ್ಯಾಕರಣದ ಮೇಷ್ಟ್ರು

ತದ್ಭವವೇ ಸರಿ. ಹೊರುವುದರ ಮಾತು ಹಿಂದಕ್ಕೆ ತಗೊಂಡೆ.

ಆದರೆ ಸಾಲದ ವಿಷಯದಲ್ಲಿ ನನ್ನ ಮಾತು ಮಾತೇ. ಆಂಡಯ್ಯ ಒಗ್ಗಿಸಿಕೊಂಡ. ನೀವು ಯಾರೂ ಒಗ್ಗಿಸುತ್ತಿಲ್ಲ, ಹಾಗೇ ತಂದು ಸುರಿಯುತ್ತಿದ್ದೀರಿ. ‘ಆಲ್ಟರ್ಡ್ ಬುಕ್’ ಅಂತಲೇ ಬೋರ್ಡು ಬರೆಸುವ ದಿನ ದೂರ ಇಲ್ಲ. ನನಗೆ ಅದು ನೋವು.

---

ಮರು: ಬರೆದವರು: ಅನುವಾದಕಿ

ದಯವಿಟ್ಟು ಬೋರ್ಡಿಗೆ ವಾಪಸ್ ಬನ್ನಿ. ನನ್ನ ಹತ್ತಿರ ಇರೋದು ಒಂದು ರಾತ್ರಿ.

ಗೂಡು, ಕಿಂಡಿ ಎರಡನ್ನೂ ತಗೊಂಡೆ, ಉಪಕಾರವಾಯಿತು. ಇನ್ನೊಂದು ಸಂದೇಹ: ಬಣ್ಣ ಹಚ್ಚೋ ಮೊದಲು ಪುಟಕ್ಕೆ ಬಿಳಿ ‘ಜೆಸ್ಸೋ’ ಬಳಿಯುತ್ತಾರೆ. ‘ಸುಣ್ಣದ ಲೇಪ’ ಅಂತ ಬರೆದರೆ ಸರಿಯಾ?

---

ಮರು: ಬರೆದವರು: ಬೈಂಡಿಂಗ್ ಕೆಲಸದವನು

ಸುಣ್ಣ ಬೇಡ ಮೇಡಂ. ಯಾರಾದರೂ ಗೋಡೆಗೆ ಹೊಡೆಯೋ ಸುಣ್ಣವನ್ನೇ ತಂದು ಬಳಿದರೆ ಕೈ ಸುಟ್ಟುಕೊಳ್ಳುತ್ತಾರೆ. ಜೆಸ್ಸೋ ಇಟಲಿಯ ಮಾತು, ಜಿಪ್ಸಮ್ ಅನ್ನೋದರ ನೆಂಟ. ಸೀಮೆಸುಣ್ಣದಂಥ ಬಿಳಿ ಪುಡಿಯನ್ನು ಅಂಟಿನಲ್ಲಿ ಕಲಸಿದ್ದು. ಈಗ ಡಬ್ಬಿಯಲ್ಲಿ ಬರುವುದರಲ್ಲಿ ಅಂಟಿನ ಬದಲು ಅಕ್ರಿಲಿಕ್ ಇರುತ್ತೆ. ಹಳೆಯ ಕಾಗದ ಬಣ್ಣವನ್ನು ಹೀರಿ ಹಿಂದಿನ ಪುಟಕ್ಕೆ ಇಳಿಸುತ್ತಲ್ಲ, ಅದನ್ನು ಇದು ತಡೆಯುತ್ತೆ. ಡಬ್ಬಿಯ ಮೇಲೆ ಜೆಸ್ಸೋ ಅಂತಲೇ ಇರೋದರಿಂದ ಜೆಸ್ಸೋ ಅಂತಲೇ ಬರೆಯಿರಿ. ಪಕ್ಕದಲ್ಲಿ ‘ಮೊದಲ ಬಿಳಿ ಲೇಪ’ ಅಂದರೆ ಸಾಕು.

---

ಮರು: ಬರೆದವರು: ಕರಡು ತಿದ್ದುತ್ತಿದ್ದವನು

ಜಗಳದಲ್ಲಿ ನನ್ನ ಸೂಚನೆ ಹೇಳುವುದೇ ಮರೆತೆ. ‘ತಿದ್ದು’.

ನಾನು ಬದುಕಿದ್ದೇ ಆ ಪದದ ಮೇಲೆ. ತಪ್ಪು ಸರಿಪಡಿಸುವುದು ಅದರ ಒಂದು ಅರ್ಥ ಮಾತ್ರ. ಮಗುವಿಗೆ ಅಕ್ಷರ ಕಲಿಸುವಾಗ ಏನು ಮಾಡುತ್ತೇವೆ? ನಾವು ಒಂದು ‘ಅ’ ಬರೆದು ಕೊಡುತ್ತೇವೆ. ಮಗು ಅದರ ಮೇಲೇ ಬಳಪ ಆಡಿಸುತ್ತದೆ. ಅದನ್ನು ಅಕ್ಷರ ತಿದ್ದುವುದು ಅನ್ನುತ್ತೇವೆ. ಅಲ್ಲಿ ತಪ್ಪು ಯಾವುದೂ ಇಲ್ಲ. ಮೊದಲೇ ಇದ್ದ ಗೆರೆಯ ಮೇಲೆ ತನ್ನ ಗೆರೆ ಎಳೆಯುವುದು, ಅಷ್ಟೇ. ತಿದ್ದಿ ತಿದ್ದಿ ಅಕ್ಷರ ದಪ್ಪವಾಗುತ್ತದೆ, ಸೊಟ್ಟಗಾಗುತ್ತದೆ, ಮಗುವಿನದೇ ಆಗುತ್ತದೆ. ಆದರೆ ಅಡಿಯ ‘ಅ’ ಅಲ್ಲೇ ಇರುತ್ತದೆ. ಮತ್ತೆ ಹುಬ್ಬು ತಿದ್ದುವುದು, ಮೀಸೆ ತಿದ್ದುವುದು, ಹಣೆಗೆ ತಿಲಕ ತಿದ್ದುವುದು ಇವೆ. ಅಲ್ಲೆಲ್ಲ ಅಲಂಕಾರ.

ಮೇಡಂ ಬರೆದ ಮೀನಿನ ಪುಟದಲ್ಲಿ ಎರಡೂ ಇವೆ. ಹಳೆಯ ಅಕ್ಷರದ ಮೇಲೆ ಕೈ ಆಡಿದೆ, ಚೆಲುವೂ ಬಂದಿದೆ. ‘ತಿದ್ದುಪುಸ್ತಕ’ ಅನ್ನಿ. ಅರಿಸಮಾಸ ಅಂತ ಮೇಷ್ಟ್ರು ಹೇಳುವ ಮೊದಲೇ ಹೇಳುತ್ತೇನೆ, ಇದು ಗಮಕ ಸಮಾಸ, ಮೊದಲ ಪದ ಕ್ರಿಯೆಯಿಂದ ಬಂದದ್ದು, ಅಲ್ಲಿ ಬೆರಕೆ ದೋಷವಲ್ಲ.

---

ಮರು: ಬರೆದವರು: ಚಿತ್ರಕಲೆ ವಿದ್ಯಾರ್ಥಿನಿ

ನನ್ನ ಕಸಿ, ಪುಸ್ತಾರ ಎರಡನ್ನೂ ಬಿಟ್ಟೆ. ತಿದ್ದು ತುಂಬಾ ಹಿಡಿಸಿತು. ನಡುವೆ ‘ಕಡತ’ ಕೂಡ ನೆನಪಾಯಿತು. ಹಿಂದೆ ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲಪುಡಿ ಬಳಿದು, ಮಡಿಸಿ ಪುಸ್ತಕ ಮಾಡಿ ಬಳಪದಲ್ಲಿ ಬರೀತಿದ್ರಲ್ಲ. ಆದರೆ ಅದರಲ್ಲಿ ಮೊದಲಿನದನ್ನು ಅಳಿಸಿ ಬರೆಯಬೇಕಿತ್ತು. ಇಲ್ಲಿ ಅಳಿಸೋದಿಲ್ಲ. ಈಗ ಕಡತ ಅಂದರೆ ಕಚೇರಿಯ ಫೈಲು, ಅದೂ ಆಗಲ್ಲ.

---

ಮರು: ಬರೆದವರು: ಬೈಂಡಿಂಗ್ ಕೆಲಸದವನು

ತಿದ್ದುಪುಸ್ತಕ ಕೈಪಿಡಿಯೊಳಗೆ ಸರಿ, ಅಲ್ಲಿ ಒಂದು ಸಾಲಿನ ವಿವರಣೆ ಕೊಡಬಹುದು. ಬೋರ್ಡಿಗೆ ಬೇಡ ಅನ್ನಿಸುತ್ತೆ. ತಿದ್ದುಪಡಿ, ಪರಿಷ್ಕೃತ ಮುದ್ರಣ ಅಂತ ಓದಿಕೊಂಡು ಮುಂದೆ ಹೋಗಿಬಿಡುತ್ತಾರೆ. ಬೋರ್ಡು ನಿಲ್ಲಿಸಬೇಕು. ಅಲ್ಲಿ ಸಮಾಸವೇ ಯಾಕೆ ಬೇಕು? ‘ಹಳೆ ಪುಸ್ತಕ, ಹೊಸ ಚಿತ್ತಾರ’ ಅಂತ ದೊಡ್ಡದಾಗಿ ಬರೆಸಿ.

---

ಮರು: ಬರೆದವರು: ವ್ಯಾಕರಣದ ಮೇಷ್ಟ್ರು

ಗಮಕ, ಒಪ್ಪಿದೆ. ಅಕ್ಷರ ತಿದ್ದುವ ಅರ್ಥ ನನಗೆ ಹೊಳೆದಿರಲಿಲ್ಲ. ಮಾರ್ಹೊತ್ತಗೆಗಿಂತ ಇದು ಮೇಲು.

ಆದರೆ ಗಮಕವಾದರೆ ‘ತಿದ್ದುವೊತ್ತಗೆ’ ಆಗಬೇಕು. ಎಳವೆರೆಯಲ್ಲಿ (ಎಳೆಯ ಚಂದ್ರ) ಪೆರೆ ವೆರೆಯಾದ ಹಾಗೆ. ಪುಸ್ತಕ ಇಟ್ಟುಕೊಂಡರೆ ‘ಪ’ ‘ವ’ ಆಗುವ ಆದೇಶ ಬಾರದು, ಪದ ಸಪ್ಪೆ.

---

ಮರು: ಬರೆದವರು: ಅನುವಾದಕಿ

ಬೋರ್ಡಿಗೆ ಕಳಿಸಿದ್ದು: ದೊಡ್ಡ ಅಕ್ಷರದಲ್ಲಿ ‘ಹಳೆ ಪುಸ್ತಕ, ಹೊಸ ಚಿತ್ತಾರ’. ಅದರ ಕೆಳಗೆ ಸಣ್ಣದಾಗಿ ‘ಮಕ್ಕಳು, ದೊಡ್ಡವರು ಮಾಡಿದ ತಿದ್ದುಪುಸ್ತಕಗಳು’.

ಮೇಷ್ಟ್ರೇ, ತಿದ್ದುವೊತ್ತಗೆ ಕೇಳಲು ಚೆನ್ನಾಗಿದೆ. ಆದರೆ ಎಂಟು ವರ್ಷದ ಮಗುವಿಗೆ ಓದಲು ಬರಬೇಕು, ಅದಕ್ಕೇ ಪುಸ್ತಕ ಉಳಿಸಿಕೊಂಡೆ. ಕೈಪಿಡಿಯ ಮೊದಲ ಪುಟದಲ್ಲಿ ಅಕ್ಷರ ತಿದ್ದುವ ಮಾತನ್ನೇ ಹಾಕುತ್ತಿದ್ದೇನೆ, ತಮ್ಮ ರೂಪವನ್ನೂ ಅಲ್ಲೇ ಪಕ್ಕದಲ್ಲಿ ಕೊಡುತ್ತೇನೆ. ಕರಡು ಇವತ್ತು ರಾತ್ರಿ ಕಳಿಸುತ್ತೇನೆ. ಒಮ್ಮೆ ತಿದ್ದಿಕೊಡಿ.