ಲೈಬ್ರರಿಯಲ್ಲಿ ಮಕ್ಕಳಿಗೆ ಕೆಲಸಗಳ ಪರಿಚಯ: ಬೇಕಾ, ಬೇಡ್ವಾ?

ಪಡುಗಾಳಿ: ಭಾನುವಾರ ಮಂಗಳೂರಲ್ಲಿ ನಮ್ಮ ಏರಿಯಾದ ಲೈಬ್ರರಿಯಲ್ಲಿ 8ರಿಂದ 10ನೇ ಕ್ಲಾಸಿನ ಮಕ್ಕಳಿಗೆ ಬೇರೆ ಬೇರೆ ಕೆಲಸಗಳ ಪರಿಚಯ ಮಾಡಿಸಿದೆವು. ಹೆಚ್ಚಿನವರು ಬೀಡಿ ಕಟ್ಟುವ ಮನೆಯವರು, ಬಿಲ್ಡಿಂಗ್ ಕೆಲಸಕ್ಕೆ ಬಾಗಲಕೋಟೆ, ಕೊಪ್ಪಳದಿಂದ ಬಂದವರ ಮಕ್ಕಳು. ಒಬ್ಬ ಫಿಟ್ಟರ್ ದಪ್ಪ ಅಳೆಯುವ ವರ್ನಿಯರ್ ಕ್ಯಾಲಿಪರ್ ತಂದಿದ್ದ. ಕಣ್ಣು ಕಾಣದ ಹುಡುಗನೊಬ್ಬ ಅದರ ಬಾಯಿ ತಡವಿ ನೋಡಿ, ಪಕ್ಕದವಳ ಬಳೆ ಇಸ್ಕೊಂಡು ಮಧ್ಯೆ ಸಿಕ್ಕಿಸಿ, "ಎಷ್ಟು ಬಂತು ಓದು" ಅಂದ. 2.4 ಮಿಲಿಮೀಟರ್. ಆಮೇಲೆ ಅಲ್ಲಿದ್ದ ಬಳೆ, ಪೆನ್ನು, ಅಂಗಿಯ ಬಟನ್ ಎಲ್ಲಾ ಅಳೆದಾಯಿತು. ತಿಂಗಳಿಗೊಮ್ಮೆ ಮಾಡುವ ಆಸೆ ಉಂಟು. ಏನಂತೀರಿ?

ಕುಚ್ಚಲಕ್ಕಿ: ಎಂತದು ಮಾರಾಯ್ರೆ, 2025ರ ಎಸ್ಸೆಸ್ಸೆಲ್ಸಿಯಲ್ಲಿ ದಕ್ಷಿಣ ಕನ್ನಡವೇ ಫಸ್ಟ್, 91.12 ಪರ್ಸೆಂಟ್. ಉಡುಪಿ ಸೆಕೆಂಡ್. ಇಲ್ಲಿನ ಮಕ್ಕಳಿಗೆ ದಾರಿ ತೋರಿಸಬೇಕಾ? ಲೈಬ್ರರಿ ಓದುವ ಜಾಗ, ಗ್ಯಾರೇಜ್ ಅಲ್ಲ.

ಬಂದರ್ ಹುಡುಗ: "ಗ್ಯಾರೇಜ್" ಅಂದ್ರೆ ಯಾಕಷ್ಟು ಸಸಾರ? ನಾನೂ ಐಟಿಐ ಫಿಟ್ಟರೇ. ಕದ್ರಿಯ ಸರ್ಕಾರಿ ಪಾಲಿಟೆಕ್ನಿಕ್ ಕೆಪಿಟಿ 1946ರಿಂದ ಉಂಟು. ದಿನಾ ಬಸ್ಸಲ್ಲಿ ಅದರ ಎದುರೇ ಹೋಗ್ತಿದ್ದೆ, ಒಳಗೆ ಎಂತ ಕಲಿಸ್ತಾರೆ ಅಂತ ಹತ್ತನೇ ಮುಗಿಯುವವರೆಗೆ ಯಾರೂ ಹೇಳಲಿಲ್ಲ. ಮೀನುಗಾರಿಕೆ ಕಾಲೇಜು 1969ರಿಂದ ನಮ್ಮೂರಲ್ಲೇ ಉಂಟು, ಬೋಟಿಗೆ ಹೋಗುವವರ ಮಕ್ಕಳನ್ನೇ ಕೇಳಿ ನೋಡಿ.

ಜೋಳದ ರೊಟ್ಟಿ: ಬಾಗಲಕೋಟೆ ಹೆಸರು ತೆಗೆದಿದ್ದೀರಿ, ಅದಕ್ಕೇ ಬರೀತಿದ್ದೀನಿ. ನಮ್ಮ ಅಕ್ಕನ ಮಗಳು ಅಲ್ಲಿದ್ದಳು. ಅರ್ಧ ಹೊತ್ತು ಬರೀ ತುಳು. ಎಲ್ಲರೂ ನಕ್ಕಾಗ ತಾನೂ ನಕ್ಕಳಂತೆ, ಯಾಕೆ ಅಂತ ಗೊತ್ತಿಲ್ಲದೆ. ಎಲ್ಲರನ್ನೂ ಸೇರಿಸ್ಕೊಳ್ಳೋದು ಅಂದ್ರೆ ಇದೇನಾ ರೀ?

ಕುಡ್ಲದ ಪೊಣ್ಣು: "ಬರೀ ತುಳು" ಅಂದ್ರೆ? ತುಳುನಾಡಲ್ಲಿ ತುಳು ಮಾತಾಡದೆ ಇನ್ನೆಲ್ಲಿ ಮಾತಾಡೋದು? ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳ ಪಟ್ಟಿಯಲ್ಲಿ ಇನ್ನೂ ಜಾಗ ಸಿಕ್ಕಿಲ್ಲ, ಈಗ ಲೈಬ್ರರಿಯಿಂದಲೂ ಹೊರಗಾ?

ಜೋಳದ ರೊಟ್ಟಿ: ಪರಿಚ್ಛೇದದ ಮಾತು ಯಾರು ಎತ್ತಿದ್ರು? ಹದಿಮೂರು ವರ್ಷದ ಹುಡುಗಿ ಬಗ್ಗೆ ಹೇಳ್ತಿದ್ದೀನಿ.

ಕುಡ್ಲದ ಪೊಣ್ಣು: ಹದಿಮೂರು ವರ್ಷದವಳು ಆರು ತಿಂಗಳಲ್ಲಿ ತುಳು ಕಲೀತಾಳೆ. ನಮ್ಮ ಪಕ್ಕದ ಮನೆಯ ಕೊಪ್ಪಳದ ಹುಡುಗ ಕಲಿತಿದ್ದಾನೆ, ಬೈಗುಳ ಸಮೇತ.

ತೆಂಕಪೇಟೆ: ಒಬ್ಬ ಹುಡುಗ ಕಲಿತದ್ದೇ ಸಾಕ್ಷಿಯಾ? ನಮ್ಮ ಉಡುಪಿಯಲ್ಲಿ ಕುಂದಾಪುರ ಕನ್ನಡದ ಮಕ್ಕಳೂ ಇದ್ದಾರೆ, ಅವರಿಗೂ ತುಳು ಬರೋದಿಲ್ಲ. ಅದಿರಲಿ, ಆಸ್ತಿ ತೆರಿಗೆ ಜೊತೆ ನಾವು ಕಟ್ಟುವ 6% ಗ್ರಂಥಾಲಯ ಕರದಿಂದ ಇದಕ್ಕೆ ಎಷ್ಟು ಬಂತು?

ಕುಡ್ಲದ ಪೊಣ್ಣು: ಕುಂದಾಪುರವನ್ನು ಯಾಕೆ ಎಳೀತೀರಿ? ಅವರು ಕಂಪ್ಲೇಂಟ್ ಮಾಡಿದ್ರಾ?

ಕುಚ್ಚಲಕ್ಕಿ: ನೋಡಿದ್ರಾ? ಸುಮ್ನೆ ಪುಸ್ತಕ ಓದಿಸಿದ್ರೆ ಈ ಗಲಾಟೆಯೇ ಇಲ್ಲ.

ಬಂದರ್ ಹುಡುಗ: ನಿಮ್ಮ 91.12 ತೆಗೆದ್ರೆ ಉಳಿಯುವ ಮಕ್ಕಳಿಗೆ ಯಾವ ಪುಸ್ತಕ ಓದಿಸ್ತೀರಿ ಅಂತಲೂ ಹೇಳಿ.

ಪಡುಗಾಳಿ: ಕರದಿಂದ ಒಂದು ರೂಪಾಯಿಯೂ ಬಂದಿಲ್ಲ, ಚಾ ಖರ್ಚು ನಮ್ಮ ಕೈಯಿಂದ. ತುಳುವಲ್ಲಿ ಹೇಳಿದ್ದನ್ನೆಲ್ಲ ಕನ್ನಡದಲ್ಲೂ ಹೇಳಿದ್ದೇವೆ.

ಜೋಳದ ರೊಟ್ಟಿ: ಜೋಕ್ ಬಿಟ್ಟು.

ಪಡುಗಾಳಿ: ಜೋಕ್ ಅನುವಾದ ಮಾಡಿದ್ರೆ ಯಾರೂ ನಗೋದಿಲ್ಲ ಅಣ್ಣ.

ಕುಡ್ಲದ ಪೊಣ್ಣು: ಅಂದ ಹಾಗೆ ಫೋಟೋದಲ್ಲಿ ಬ್ಯಾನರ್ ನೋಡಿದೆ. ಅದರಲ್ಲಿ ತುಳುವಿನ ಒಂದು ಅಕ್ಷರ ಇಲ್ಲ.

ಪಡುಗಾಳಿ: ಬ್ಯಾನರಿನ ದುಡ್ಡೂ ನಂದೇ. ಮುಂದಿನದ್ದು ನೀವು ಬರೆಸಿ ತನ್ನಿ ಅಕ್ಕ, ಕಟ್ಟುವ ಹಗ್ಗ ನಾನು ಕೊಡ್ತೇನೆ.